‘ಆಗಲಿ, ಮಾಡಿ’ ಎಂದ ಮನುಷ್ಯ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ‘ಸಿನಿಮಾ ಮತ್ತು ತಂತ್ರಜ್ಞಾನ’ ಎಂಬ ವಿಷಯದ ಮೇಲೆ ಮಾತಾಡಲು ಹೇಳಿದರು. ನಾನು ಸಾಫ್ಟ್‌ವೇರ್ ಕೆಲಸದವನು. ಕಂಪ್ಯೂಟರಿನಲ್ಲಿ ಗಗನನೌಕೆ ಹಾರಿಸುವುದು ಹೇಗೆ ಎಂದು ಹೇಳುತ್ತೇನೆ ಅಂತ ಮಕ್ಕಳು ಕಾದಿರಬಹುದು. ಗಗನನೌಕೆಯ ಮಾತು ಬಂದೇ ಬರುತ್ತದೆ. ಆದರೆ ನಾನು ಹೇಳಹೊರಟಿರುವುದು ಕ್ಯಾಮೆರಾ ಮುಟ್ಟದ, ಬಣ್ಣ ಹಚ್ಚದ, ಕಥೆ ಬರೆಯದ ಒಬ್ಬ ಮನುಷ್ಯನ ವಿಚಾರ. ಹೆಸರು ಆಲನ್ ಲ್ಯಾಡ್ ಜೂನಿಯರ್. ಅಮೆರಿಕದ ಹಾಲಿವುಡ್‌ನವರು. 1937ರಲ್ಲಿ ಹುಟ್ಟಿ, 2022ರಲ್ಲಿ ತಮ್ಮ 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಕೇಳಿದವರು ಇಲ್ಲಿ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ಅವರ ಕೆಲಸವೇ ಅಂಥದ್ದು.

ಆ ಕೆಲಸ ಏನು ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮೂರಿನ ಹಬ್ಬದಲ್ಲಿ ಪೌರಾಣಿಕ ನಾಟಕ ಆಡುತ್ತೇವಲ್ಲ, ಅದನ್ನು ನೆನೆಸಿಕೊಳ್ಳಿ. ಪಾತ್ರ ಮಾಡುವವರು ಕಣ್ಣಿಗೆ ಕಾಣುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಕಾಣುತ್ತಾರೆ. ಆದರೆ ಅದಕ್ಕೂ ಆರು ತಿಂಗಳ ಮುಂಚೆ ಯಾರೋ ಒಬ್ಬರು ಜಗಲಿಯ ಮೇಲೆ ಕುಳಿತು, ‘ಈ ವರ್ಷ ಈ ನಾಟಕ ಆಗಲಿ, ಈ ಹುಡುಗ ಭೀಮ ಆಗಲಿ, ಸೀನರಿಗೆ ದುಡ್ಡು ನಾನು ಹೊಂದಿಸುತ್ತೇನೆ’ ಎಂದಿರುತ್ತಾರೆ. ಆ ಮಾತು ಹೊರಡದಿದ್ದರೆ ಪರದೆ ಮೇಲೇಳುವುದಿಲ್ಲ. ಹಾಲಿವುಡ್‌ನಲ್ಲಿ ಸ್ಟುಡಿಯೋ ಎಂದರೆ ಬರೀ ಶೂಟಿಂಗ್ ನಡೆಯುವ ಜಾಗವಲ್ಲ. ಅದು ಹಣ ಹಾಕುವ, ಚಿತ್ರವನ್ನು ಹಂಚುವ ದೊಡ್ಡ ಕಂಪನಿ. ಅದರ ಮುಖ್ಯಸ್ಥ ಸಂಬಳಕ್ಕಿರುವ ಅಧಿಕಾರಿ. ನೂರಾರು ಕಥೆಗಳು ಅವನ ಮೇಜಿಗೆ ಬರುತ್ತವೆ. ಯಾವುದಕ್ಕೆ ಕಂಪನಿಯ ಹಣ ಹಾಕಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ಇನ್ನು ನಿರ್ಮಾಪಕ ಎಂದರೆ, ಒಂದು ಕಥೆಯನ್ನು ಹಿಡಿದು, ನಿರ್ದೇಶಕನನ್ನು, ನಟರನ್ನು ಸೇರಿಸಿ, ಅಂಥ ಕಂಪನಿಯ ಬಾಗಿಲು ತಟ್ಟಿ, ಚಿತ್ರ ಮುಗಿಯುವವರೆಗೆ ಬೆನ್ನು ಹತ್ತಿ ನಿಲ್ಲುವವನು. ಲ್ಯಾಡ್ ಎರಡೂ ಆದರು. ಮೊದಲು ಬಾಗಿಲ ಒಳಗೆ ಕುಳಿತವರು, ಆಮೇಲೆ ಹೊರಗೆ ನಿಂತು ತಟ್ಟಿದವರು.

ಅವರ ತಂದೆ ಆಲನ್ ಲ್ಯಾಡ್ ಹೆಸರಾಂತ ನಟ. 1953ರ ‘ಶೇನ್’ ಚಿತ್ರದ ನಾಯಕ. ಅಂಥ ನಟನ ಮಗ ನಟನೆಗೆ ಇಳಿಯಲಿಲ್ಲ. ತಂದೆ ತಾಯಿ ಬೇರೆಯಾಗಿದ್ದರಿಂದ ಹುಡುಗ ತಾಯಿಯ ಹತ್ತಿರ ಬೆಳೆದ. ವಾಯುಪಡೆಯಲ್ಲಿ ಸ್ವಲ್ಪ ಕಾಲ ಇದ್ದು, 1963ರಲ್ಲಿ ನಟರ ಏಜೆಂಟ್ ಆಗಿ ಕೆಲಸಕ್ಕೆ ಸೇರಿದರು. ಏಜೆಂಟ್ ಎಂದರೆ ಕಲಾವಿದರಿಗೆ ಅವಕಾಶ ಹುಡುಕಿ, ಕರಾರು ಮಾಡಿಸುವವನು. ಯಾವ ಕಲಾವಿದನಿಗೆ ಯಾವ ಸಂಕಟ, ಯಾರಲ್ಲಿ ಎಷ್ಟು ಕಸುವು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆಮೇಲೆ ಲಂಡನ್ನಿಗೆ ಹೋಗಿ ಕೆಲವು ವರ್ಷ ಚಿತ್ರಗಳನ್ನು ನಿರ್ಮಿಸಿದರು. 1973ರಲ್ಲಿ ವಾಪಸ್ಸು ಬಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋ ಸೇರಿದರು. ಎಲ್ಲರೂ ಅವರನ್ನು ‘ಲ್ಯಾಡಿ’ ಎಂದು ಕರೆಯುತ್ತಿದ್ದರು. ಮಾತು ಬಹಳ ಕಡಿಮೆ, ದನಿ ಮೆತ್ತಗೆ. ಗದ್ದಲದ ಊರಿನಲ್ಲಿ ಮೌನಿ.

ಅವರ ತೀರ್ಮಾನದ ಧಾಟಿಗೆ ಒಂದು ಉದಾಹರಣೆ. ಮೆಲ್ ಬ್ರೂಕ್ಸ್ ಎಂಬ ಹಾಸ್ಯ ನಿರ್ದೇಶಕರು ‘ಯಂಗ್ ಫ್ರಾಂಕನ್‌ಸ್ಟೈನ್’ ಎಂಬ ಚಿತ್ರವನ್ನು ಕಪ್ಪು ಬಿಳುಪಿನಲ್ಲೇ ತೆಗೆಯಬೇಕು ಎಂದು ಹಟ ಹಿಡಿದರು. ಹಳೆಯ ದೆವ್ವದ ಚಿತ್ರಗಳನ್ನು ಅಣಕಿಸುವ ಕಥೆ ಅದು. ಬಣ್ಣ ಬಂದರೆ ತಮಾಷೆ ಕೆಡುತ್ತದೆ. ಕೊಲಂಬಿಯಾ ಸ್ಟುಡಿಯೋದವರು ಒಪ್ಪಲಿಲ್ಲ. 1970ರ ದಶಕದಲ್ಲಿ ಕಪ್ಪು ಬಿಳುಪು ಯಾರು ನೋಡುತ್ತಾರೆ ಎಂಬುದು ಅವರ ಅಂಜಿಕೆ. ಬ್ರೂಕ್ಸ್ ಫಾಕ್ಸ್‌ಗೆ ಬಂದರು, ಲ್ಯಾಡ್ ಒಪ್ಪಿದರು. 1974ರಲ್ಲಿ ತೆರೆಕಂಡ ಆ ಚಿತ್ರವನ್ನು ಜನ ಮುಗಿಬಿದ್ದು ನೋಡಿದರು.

ಈಗ ಗಗನನೌಕೆಯ ಕಥೆಗೆ ಬರೋಣ. 1973ರಲ್ಲಿ ಜಾರ್ಜ್ ಲೂಕಾಸ್ ಎಂಬ 29 ವರ್ಷದ ನಿರ್ದೇಶಕ ಹದಿನೈದು ಪುಟದೊಳಗಿನ ಒಂದು ಟಿಪ್ಪಣಿ ಹಿಡಿದು ತಿರುಗುತ್ತಿದ್ದ. ದೂರದ ನಕ್ಷತ್ರಗಳ ನಡುವೆ ನಡೆಯುವ ಯುದ್ಧ, ಉದ್ದ ಕೂದಲಿನ ದೈತ್ಯ, ಮಾತಾಡುವ ಯಂತ್ರ, ಬಾಯಿ ತಿರುಗದ ಹೆಸರುಗಳು. ಅವನ ಮೊದಲ ಚಿತ್ರ ‘ಟಿಎಚ್‌ಎಕ್ಸ್ 1138’ ಸೋತಿತ್ತು. ಎರಡನೆಯದು, ‘ಅಮೆರಿಕನ್ ಗ್ರಾಫಿಟಿ’, ಆಗಿನ್ನೂ ಬಿಡುಗಡೆಯಾಗಿರಲಿಲ್ಲ. ಯುನೈಟೆಡ್ ಆರ್ಟಿಸ್ಟ್ಸ್ ಈ ಹೊಸ ಕಥೆ ಬೇಡ ಎಂದಿತು. ಯುನಿವರ್ಸಲ್ ಕೂಡ ಬೇಡ ಎಂದಿತು.

ಬೇಡ ಎಂದವರು ದಡ್ಡರಲ್ಲ, ಮಕ್ಕಳೇ. ಅವರ ಬಳಿ ಕಾರಣಗಳಿದ್ದವು. ಆಗ ಇಂಥ ಕಥೆಗಳು ಮಕ್ಕಳ ಆಟ ಎಂಬ ಭಾವನೆ ಇತ್ತು, ಹಣ ಬರುತ್ತಿರಲಿಲ್ಲ. ಬಾಹ್ಯಾಕಾಶದ ದೃಶ್ಯಗಳಿಗೆ ಖರ್ಚೆಷ್ಟು ಎಂದು ಯಾರಿಗೂ ಅಂದಾಜಿಸಲು ಆಗುತ್ತಿರಲಿಲ್ಲ. ಬೇಕಾದ ಯಂತ್ರಗಳೇ ಇರಲಿಲ್ಲ. ಲೆಕ್ಕದ ಪುಸ್ತಕ ತೆರೆದಿಟ್ಟು ನೋಡಿದರೆ ‘ಬೇಡ’ ಎನ್ನುವುದೇ ಸರಿ.

ಲ್ಯಾಡ್ ಬೇರೆ ಏನನ್ನು ನೋಡಿದರು? ‘ಅಮೆರಿಕನ್ ಗ್ರಾಫಿಟಿ’ ಚಿತ್ರವನ್ನು ಬಿಡುಗಡೆಗೆ ಮೊದಲೇ ತರಿಸಿ ನೋಡಿದರು. ಒಂದು ಸಣ್ಣ ಊರಿನ ಹುಡುಗ ಹುಡುಗಿಯರ ಒಂದು ರಾತ್ರಿಯ ಕಥೆ ಅದು. ಅತಿ ಕಡಿಮೆ ಹಣದಲ್ಲಿ ತೆಗೆದದ್ದು. ಅದನ್ನು ನೋಡಿ, ಈ ಹುಡುಗನಿಗೆ ಕೆಲಸ ಗೊತ್ತಿದೆ ಎಂದು ಅವರಿಗೆ ಮನವರಿಕೆಯಾಯಿತು. ಹೊಸ ಕಥೆ ತಮಗೆ ಪೂರ್ತಿ ತಿಳಿಯಲಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ನಂಬಿದ್ದು ಕಥೆಯನ್ನಲ್ಲ, ಕಥೆ ಹೇಳುವವನನ್ನು. ಆ ಚಿತ್ರವೇ ‘ಸ್ಟಾರ್ ವಾರ್ಸ್’.

ಒಂದು ಸಲ ಒಪ್ಪಿದ ಮೇಲೆ ಕೆಲಸ ಮುಗಿಯಲಿಲ್ಲ. ನಿಜವಾದ ಪರೀಕ್ಷೆ ಶುರುವಾದದ್ದೇ ಆಮೇಲೆ. ಸುಮಾರು 80 ಲಕ್ಷ ಡಾಲರ್ ಎಂದುಕೊಂಡ ಖರ್ಚು ಕೊನೆಗೆ ಸುಮಾರು 1 ಕೋಟಿ 10 ಲಕ್ಷ ಡಾಲರಿಗೆ ಏರಿತು. ಫಾಕ್ಸ್ ತನ್ನ ವಿಶೇಷ ದೃಶ್ಯಗಳ ವಿಭಾಗವನ್ನು ಅಷ್ಟರಲ್ಲಿ ಮುಚ್ಚಿಬಿಟ್ಟಿತ್ತು. ಹಾಗಾಗಿ ಲೂಕಾಸ್ 1975ರಲ್ಲಿ ಒಂದು ಗೋದಾಮಿನಲ್ಲಿ ಹೊಸ ತಂಡ ಕಟ್ಟಿದ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂದು ಅದರ ಹೆಸರು. ಹೆಚ್ಚಿನವರು ಇಪ್ಪತ್ತರ ಹರೆಯದ ಹುಡುಗರು. ಅವರು ಮಾಡಿದ ಮುಖ್ಯ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ನೌಕೆಯ ಪುಟ್ಟ ಮಾದರಿಯನ್ನು ಕದಲದಂತೆ ನಿಲ್ಲಿಸಿ, ಕ್ಯಾಮೆರಾವನ್ನೇ ಅದರ ಸುತ್ತ ಓಡಿಸಿದರು. ಆ ಓಟವನ್ನು ಇಲೆಕ್ಟ್ರಾನಿಕ್ ಸಾಧನದಲ್ಲಿ ದಾಖಲಿಸಿಟ್ಟು, ಅದೇ ಹಾದಿಯಲ್ಲಿ ಎಷ್ಟು ಸಲ ಬೇಕಾದರೂ ಕ್ಯಾಮೆರಾ ಚಲಿಸುವಂತೆ ಮಾಡಿದರು. ಹಾಗೆ ಬೇರೆ ಬೇರೆಯಾಗಿ ತೆಗೆದ ನೌಕೆ, ನಕ್ಷತ್ರ, ಸ್ಫೋಟಗಳನ್ನು ಒಂದರ ಮೇಲೊಂದು ಕೂಡಿಸಿದಾಗ ನೋಡುವವರಿಗೆ ನೌಕೆಗಳು ಹಾರಿದಂತೆ ಕಂಡವು. ಆದರೆ ಈ ಯಂತ್ರ ಕಟ್ಟುವುದರಲ್ಲೇ ತಿಂಗಳುಗಟ್ಟಲೆ ಹೋಯಿತು. ಹಣ ನೀರಿನಂತೆ ಹರಿಯಿತು, ಕೈಗೆ ಬಂದ ದೃಶ್ಯಗಳು ಬೆರಳೆಣಿಕೆಯಷ್ಟು.

ಇತ್ತ ಫಾಕ್ಸ್‌ನ ಆಡಳಿತ ಮಂಡಳಿಗೆ ಈ ಚಿತ್ರದಲ್ಲಿ ನಂಬಿಕೆ ಇರಲಿಲ್ಲ. ಪ್ರತಿ ಸಭೆಯಲ್ಲೂ ಉತ್ತರ ಹೇಳಬೇಕಾದವರು ಲ್ಯಾಡ್. ಚಿತ್ರಮಂದಿರದವರಿಗೂ ಇದು ಬೇಡವಾಗಿತ್ತು. ಫಾಕ್ಸ್‌ನದೇ ಇನ್ನೊಂದು ಚಿತ್ರ ‘ದಿ ಅದರ್ ಸೈಡ್ ಆಫ್ ಮಿಡ್‌ನೈಟ್’ ಬೇಕಾದರೆ ಇದನ್ನೂ ಹಾಕಿಕೊಳ್ಳಿ ಎಂದು ಗಂಟುಹಾಕಬೇಕಾಯಿತು. 1977ರ ಮೇ 25ರಂದು ಇಡೀ ಅಮೆರಿಕದಲ್ಲಿ ನಲವತ್ತಕ್ಕಿಂತ ಕಡಿಮೆ ಚಿತ್ರಮಂದಿರಗಳಲ್ಲಿ ‘ಸ್ಟಾರ್ ವಾರ್ಸ್’ ತೆರೆಕಂಡಿತು. ಮೊದಲ ದಿನವೇ ಸಾಲು ಬೀದಿಯ ತಿರುವು ದಾಟಿತು. ಅಲ್ಲಿಯವರೆಗೆ ಬಂದ ಚಿತ್ರಗಳೆಲ್ಲವನ್ನೂ ಅದು ಗಳಿಕೆಯಲ್ಲಿ ಹಿಂದೆ ಹಾಕಿತು.

ನಮ್ಮಂಥವರು ಅಷ್ಟಕ್ಕೆ ಕಥೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ವರ್ಷದ ಇನ್ನೊಂದು ವಿಷಯ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿತು. ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಪ್ರಶಸ್ತಿಗೆ ಐದು ಚಿತ್ರಗಳು ಆಯ್ಕೆಯಾದವು. ಅವುಗಳಲ್ಲಿ ಮೂರು ಫಾಕ್ಸ್‌ನವು: ‘ಸ್ಟಾರ್ ವಾರ್ಸ್’, ‘ಜೂಲಿಯಾ’, ‘ದಿ ಟರ್ನಿಂಗ್ ಪಾಯಿಂಟ್’. ಕೊನೆಯ ಎರಡೂ ಇಬ್ಬಿಬ್ಬರು ಹೆಂಗಸರ ಗೆಳೆತನದ ಕಥೆಗಳು. ಹೆಂಗಸರನ್ನು ನಡುವೆ ಇಟ್ಟರೆ ಚಿತ್ರ ಓಡುವುದಿಲ್ಲ ಎಂದು ಹಾಲಿವುಡ್ ನಂಬಿದ್ದ ಕಾಲ ಅದು. ಮುಂದೆಯೂ ಲ್ಯಾಡ್ ಆ ದಾರಿ ಬಿಡಲಿಲ್ಲ. ‘ಆ್ಯನ್ ಅನ್‌ಮ್ಯಾರೀಡ್ ವುಮನ್’, ಹತ್ತಿ ಗಿರಣಿಯ ಕೆಲಸಗಾರ್ತಿಯೊಬ್ಬಳು ಸಂಘ ಕಟ್ಟುವ ‘ನಾರ್ಮಾ ರೇ’ ಬಂದವು. 1979ರಲ್ಲಿ ‘ಏಲಿಯನ್’ ಬಂತು. ಅದರ ಪಾತ್ರಗಳನ್ನು ಗಂಡು ಅಥವಾ ಹೆಣ್ಣು ಯಾರಾದರೂ ಮಾಡಬಹುದು ಎಂದು ಬರೆಯಲಾಗಿತ್ತು. ರಿಪ್ಲಿ ಎಂಬ ಮುಖ್ಯ ಪಾತ್ರವನ್ನು ಹೆಣ್ಣಿಗೆ ಕೊಟ್ಟರೆ ಹೇಗೆ ಎಂಬ ಸಲಹೆ ಲ್ಯಾಡ್ ಅವರದೇ ಎನ್ನುತ್ತಾರೆ. ಆಗ ಹೆಚ್ಚು ಜನಕ್ಕೆ ಗೊತ್ತಿರದ ಸಿಗೋರ್ನಿ ವೀವರ್ ಆ ಪಾತ್ರ ಮಾಡಿದರು.

ಅದೇ 1979ರಲ್ಲಿ ಅವರು ಫಾಕ್ಸ್ ಬಿಟ್ಟರು. ಅಷ್ಟು ಗೆಲುವಿನ ಮೇಲೆ, ಅಷ್ಟು ದೊಡ್ಡ ಕುರ್ಚಿಯನ್ನು ಬಿಟ್ಟು ಇಬ್ಬರು ಸಹೋದ್ಯೋಗಿಗಳ ಜೊತೆ ಸ್ವಂತ ಸಂಸ್ಥೆ ಕಟ್ಟಿದರು. ಹೆಸರು ‘ದಿ ಲ್ಯಾಡ್ ಕಂಪನಿ’. ಹಣ ವಾರ್ನರ್ ಬ್ರದರ್ಸ್‌ನದು, ಆಯ್ಕೆ ಇವರದು.

ಈಗ ಸೋಲುಗಳ ಲೆಕ್ಕ ಹೇಳುತ್ತೇನೆ, ಏಕೆಂದರೆ ಇಂಥ ಸಭೆಗಳಲ್ಲಿ ಅದನ್ನು ನಾವು ಹೇಳುವುದಿಲ್ಲ. ಮೊದಲಿಗೆ ‘ಚಾರಿಯಟ್ಸ್ ಆಫ್ ಫೈರ್’ ಗೆದ್ದಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಇಬ್ಬರು ಓಟಗಾರರ ಕಥೆಯ ಆ ಬ್ರಿಟಿಷ್ ಚಿತ್ರವನ್ನು ಅಮೆರಿಕಕ್ಕೆ ತಂದದ್ದು ಲ್ಯಾಡ್ ಕಂಪನಿ. ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಆದರೆ 1982ರ ‘ಬ್ಲೇಡ್ ರನ್ನರ್’ ಸೋತಿತು. 1983ರಲ್ಲಿ ಅಮೆರಿಕದ ಮೊದಲ ಗಗನಯಾತ್ರಿಗಳ ಕಥೆ ‘ದಿ ರೈಟ್ ಸ್ಟಫ್’ ನಾಲ್ಕು ಆಸ್ಕರ್ ಗೆದ್ದರೂ ಹಾಕಿದ ಹಣ ಮರಳಲಿಲ್ಲ. 1984ರಲ್ಲಿ ಇಟಲಿಯ ನಿರ್ದೇಶಕ ಸರ್ಜಿಯೋ ಲಿಯೋನಿ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ಬಂತು. ಕಾನ್ ಚಿತ್ರೋತ್ಸವದಲ್ಲಿ 229 ನಿಮಿಷ ಇದ್ದ ಆ ಚಿತ್ರವನ್ನು ಅಮೆರಿಕದ ಬಿಡುಗಡೆಗೆ 139 ನಿಮಿಷಕ್ಕೆ ಕತ್ತರಿಸಲಾಯಿತು. ಹಿಂದೆ ಮುಂದೆ ಓಡಾಡುವ ಕಥೆಯನ್ನು ನೇರವಾಗಿ ಜೋಡಿಸಿಬಿಟ್ಟರು. ಅದು ಲಿಯೋನಿ ಅವರ ಕೊನೆಯ ಚಿತ್ರ. ಕಲಾವಿದನನ್ನು ನಂಬಿದ ಮನುಷ್ಯನ ಹೆಸರು ಹೊತ್ತ ಸಂಸ್ಥೆಯಲ್ಲೇ ಹೀಗಾಯಿತು. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ. ವಾರ್ನರ್ ಜೊತೆಗಿನ ಸಂಬಂಧ ಅದೇ ವರ್ಷ ಮುಗಿಯಿತು. ಇನ್ನೊಂದು ವಿಚಿತ್ರ ನೋಡಿ. ಅದೇ 1984ರಲ್ಲಿ ಅವರ ಸಂಸ್ಥೆಯ ‘ಪೊಲೀಸ್ ಅಕಾಡೆಮಿ’ ಎಂಬ ಕಡಿಮೆ ಖರ್ಚಿನ ನಗೆಚಿತ್ರ ದುಡ್ಡು ಬಾಚಿತು. ಯಾವುದು ಗೆಲ್ಲುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ಯಾರಿಗೂ ಇಲ್ಲ.

ಆಮೇಲೆ ಅವರು ಎಂಜಿಎಂ ಸ್ಟುಡಿಯೋದ ಮುಖ್ಯಸ್ಥರಾದರು. ‘ಮೂನ್‌ಸ್ಟ್ರಕ್’, ‘ಎ ಫಿಶ್ ಕಾಲ್ಡ್ ವಾಂಡಾ’ ಅವರ ಕಾಲದವು. ಮಾಲೀಕರು ಬದಲಾದರು, ಸಾಲ ಏರಿತು, ಲ್ಯಾಡ್ ಹೊರಗೆ ಹೋಗಿ ಮತ್ತೆ ಒಳಗೆ ಬಂದರು. 1991ರ ‘ಥೆಲ್ಮಾ ಅಂಡ್ ಲೂಯಿಸ್’ ಅವರ ಕೈಯಲ್ಲೇ ಹೊರಬಂತು. ಅದರ ಚಿತ್ರಕಥೆ ಬರೆದ ಕ್ಯಾಲಿ ಖೂರಿ ಅವರಿಗೆ ಅದು ಮೊದಲ ಚಿತ್ರಕಥೆ; ಅದಕ್ಕೇ ಆಸ್ಕರ್ ಸಿಕ್ಕಿತು. ನಿರ್ದೇಶಕ ರಿಡ್ಲಿ ಸ್ಕಾಟ್, ‘ಏಲಿಯನ್’ ಮತ್ತು ಸೋತ ‘ಬ್ಲೇಡ್ ರನ್ನರ್’ ಮಾಡಿದವರೇ. ಸೋತವನ ಕೈಬಿಡದಿರುವುದು ಲ್ಯಾಡ್ ಅವರ ಇನ್ನೊಂದು ಗುಣ.

1993ರಲ್ಲಿ ಎಂಜಿಎಂ ಕೂಡ ಬಿಟ್ಟರು. ಆಗ ವಯಸ್ಸು 55 ದಾಟಿತ್ತು. ಹೊರಡುವಾಗ ಅಲ್ಲಿ ಬೆಳೆಸಿದ ಒಂದೆರಡು ಕಥೆಗಳನ್ನು ಜೊತೆಗೆ ಒಯ್ಯಲು ಒಪ್ಪಂದ ಮಾಡಿಕೊಂಡರು. ಅವುಗಳಲ್ಲಿ ಒಂದು ಸ್ಕಾಟ್ಲೆಂಡಿನ ವಿಲಿಯಂ ವ್ಯಾಲೆಸ್‌ನ ಕಥೆ. ಈಗ ಅವರು ಸ್ಟುಡಿಯೋ ಮುಖ್ಯಸ್ಥರಲ್ಲ, ನಿರ್ಮಾಪಕ. ಮೊದಲು ತಮ್ಮ ಮುಂದೆ ಬಂದು ಕೂರುತ್ತಿದ್ದವರ ಜಾಗದಲ್ಲಿ ತಾವೇ ಹೋಗಿ ಕುಳಿತರು. ಅಮೆರಿಕದಲ್ಲಿ ಪ್ಯಾರಾಮೌಂಟ್, ಹೊರದೇಶಗಳಲ್ಲಿ ಅವರ ಹಳೆಯ ಫಾಕ್ಸ್, ಎರಡೂ ಸೇರಿ ಚಿತ್ರವನ್ನು ಹಂಚಿದವು. ಅದು 1995ರ ‘ಬ್ರೇವ್‌ಹಾರ್ಟ್’. 1996ರ ಮಾರ್ಚ್‌ನಲ್ಲಿ ಐದು ಆಸ್ಕರ್ ಗೆದ್ದಿತು. ಅತ್ಯುತ್ತಮ ಚಿತ್ರದ ಪ್ರಶಸ್ತಿ ನಿರ್ಮಾಪಕರಿಗೆ ಸಲ್ಲುತ್ತದೆ. ಹಾಗಾಗಿ ಮೆಲ್ ಗಿಬ್ಸನ್ ಮತ್ತು ಬ್ರೂಸ್ ಡೇವಿ ಜೊತೆ ಆಲನ್ ಲ್ಯಾಡ್ ಜೂನಿಯರ್ ಕೈಗೂ ಅದು ಬಂತು. ಎಷ್ಟೋ ಜನರಿಗೆ ಪ್ರಶಸ್ತಿಯ ದಾರಿ ಮಾಡಿಕೊಟ್ಟವರು ತಾವು ವೇದಿಕೆ ಹತ್ತಿದ್ದು ಕುರ್ಚಿ ಬಿಟ್ಟ ಮೇಲೆ.

ಇದು ಅವರ ವೃತ್ತಿಯ ಕಥೆ. ಇದನ್ನು ಈ ಊರಿನಲ್ಲಿ, ಈ ದಿನ ಏಕೆ ಹೇಳಿದೆ?

ನನ್ನ ಕೆಲಸದಲ್ಲಿ ದಿನವೂ ಒಂದು ಸಂಗತಿ ಕಾಣುತ್ತೇನೆ. ಒಂದು ಹೊಸ ಯೋಜನೆಗೆ ‘ಹೂಂ’ ಎಂದು ಸಹಿ ಹಾಕಿದವನ ಹೆಸರು ಕಾಗದದಲ್ಲಿ ಉಳಿಯುತ್ತದೆ. ಅದು ಕೆಟ್ಟರೆ ಅವನನ್ನು ಕರೆದು ಕೇಳುತ್ತಾರೆ. ‘ಬೇಡ’ ಎಂದವನನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಬೇಡ ಎಂದದ್ದು ಹುಟ್ಟುವುದೇ ಇಲ್ಲ. ಹುಟ್ಟದ್ದರ ಲೆಕ್ಕ ಎಲ್ಲಿಯೂ ಬರೆದಿರುವುದಿಲ್ಲ. ‘ಸ್ಟಾರ್ ವಾರ್ಸ್’ ಬೇಡ ಎಂದವರ ವಿಷಯ ನಮಗೆ ತಿಳಿದಿರುವುದು ಬೇರೊಬ್ಬರು ಬೇಕು ಎಂದದ್ದರಿಂದ. ಹಾಗೆ ಬೇಕು ಎನ್ನುವವರು ಸಿಗದೆ ಮೂಲೆ ಸೇರಿದ ಕಥೆಗಳು ಎಷ್ಟೋ.

ಮನೆಗಳಲ್ಲೂ ಇದೇ ನಡೆಯುತ್ತದೆ. ನಮ್ಮ ಶಾಲೆಯಿಂದ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಡುವ ಹುಡುಗಿಯರಲ್ಲಿ ಎಷ್ಟು ಜನ ಮುಂದೆ ಓದಿದರು? ಓದದವರಲ್ಲಿ ಏನೇನು ಇತ್ತು? ಅದರ ರಿಜಿಸ್ಟರ್ ಹೆಡ್‌ಮಾಸ್ಟರ್ ಕೊಠಡಿಯಲ್ಲಿ ಇಲ್ಲ. ಚಿತ್ರ ಬರೆಯುವ ಹುಡುಗ, ಮೋಟಾರ್ ಬಿಚ್ಚಿ ಜೋಡಿಸುವ ಹುಡುಗ, ನರ್ಸಿಂಗ್ ಓದಲು ಮಂಗಳೂರಿಗೆ ಹೋಗುತ್ತೇನೆ ಎನ್ನುವ ಹುಡುಗಿ ಬಂದು ಕೇಳಿದಾಗ, ಬೇಡ ಎನ್ನಲು ಅಪ್ಪ ಅಮ್ಮನ ಬಳಿ ಕಾರಣಗಳಿರುತ್ತವೆ. ಅವರೂ ದಡ್ಡರಲ್ಲ. ಸಾಲ ಇದೆ, ದೂರ ಇದೆ, ಭಯ ಇದೆ. ನಾನು ಕೇಳಿಕೊಳ್ಳುವುದು ಇಷ್ಟೇ: ಉತ್ತರ ಕೊಡುವ ಮೊದಲು, ಲ್ಯಾಡ್ ಆ ಸಣ್ಣ ಚಿತ್ರವನ್ನು ತರಿಸಿ ನೋಡಿದ ಹಾಗೆ, ಮಗು ಈವರೆಗೆ ಮಾಡಿರುವ ಕೆಲಸವನ್ನು ಒಂದು ಸಲ ತರಿಸಿ ನೋಡಿ. ಅದರ ಕನಸು ನಿಮಗೆ ಅರ್ಥವಾಗಲೇಬೇಕೆಂದಿಲ್ಲ. ಮಗು ಅರ್ಥವಾದರೆ ಸಾಕು.

ಇನ್ನೊಂದು ಮಾತು ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ. ಈ ಮಹೋತ್ಸವಕ್ಕೆ ಕೂಡಿಸಿದ ಹಣದಲ್ಲಿ ಉಳಿಯುವುದನ್ನು ಏನು ಮಾಡಬೇಕೆಂಬ ಚರ್ಚೆ ನಡೆದಿದೆ. ರಸ್ತೆಗೆ ಮುಖ ಮಾಡಿ ಒಂದು ಸ್ವಾಗತ ಕಮಾನು ಕಟ್ಟಿಸಿ, ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸೋಣ ಎಂಬ ಸಲಹೆ ಬಂದಿದೆ. ಕೊಟ್ಟವರಿಗೆ ಗೌರವ ಸಲ್ಲಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ನನ್ನ ಕೋರಿಕೆ ಬೇರೆ. ಆ ಹಣವನ್ನು ಬ್ಯಾಂಕಿನಲ್ಲಿ ಇಟ್ಟು, ಪ್ರತಿ ವರ್ಷ ಬರುವ ಬಡ್ಡಿಯಲ್ಲಿ ಹತ್ತನೇ ತರಗತಿ ಮುಗಿಸಿದ ಇಬ್ಬರು ಮಕ್ಕಳಿಗೆ ಮುಂದಿನ ಹೆಜ್ಜೆಯ ಖರ್ಚು ಕೊಡೋಣ. ಅಡ್ಮಿಷನ್ ಫೀಸು, ಹಾಸ್ಟೆಲಿನ ಮುಂಗಡ, ಬಸ್ ಪಾಸು, ಪುಸ್ತಕ. ಬರೀ ಅಂಕಪಟ್ಟಿ ನೋಡಿ ಕೊಡುವುದು ಬೇಡ. ಹೆಚ್ಚು ಅಂಕದವರಿಗೆ ಸರ್ಕಾರದ, ಸಂಘ ಸಂಸ್ಥೆಗಳ ಬಹುಮಾನ ಹೇಗೂ ಇದೆ. ನಮ್ಮ ಗುರುಗಳು, ಊರಿನ ಇಬ್ಬರು ಹಿರಿಯರು, ಸಂಘದ ಇಬ್ಬರು ಕುಳಿತು ಮಗುವಿನ ಜೊತೆ ಮಾತಾಡಿ ತೀರ್ಮಾನಿಸಲಿ. ಹತ್ತು ಮಕ್ಕಳಲ್ಲಿ ಮೂವರು ದಾರಿ ಬದಲಿಸಬಹುದು, ಒಬ್ಬರು ಬಿಟ್ಟೂ ಬರಬಹುದು. ಆಗ ‘ನಾವು ಮೊದಲೇ ಹೇಳಿರಲಿಲ್ಲವೇ’ ಎನ್ನದೆ ಮರುವರ್ಷ ಮತ್ತಿಬ್ಬರಿಗೆ ಕೊಡುವಷ್ಟು ಗಟ್ಟಿ ಮನಸ್ಸು ನಮಗಿರಬೇಕು. ಇದಕ್ಕೆ ನನ್ನ ಪಾಲು ಏನು ಎಂದು ಖಜಾಂಚಿಯವರಿಗೆ ಬರೆದುಕೊಟ್ಟಿದ್ದೇನೆ. ಹೆಸರು ಓದುವುದು ಬೇಡ ಎಂದೂ ಬರೆದಿದ್ದೇನೆ.

ಹಿರಿಯರೇ, ಲ್ಯಾಡ್ ಫಾಕ್ಸ್‌ನಲ್ಲಿ ಕುಳಿತು ಆ ಹುಡುಗನಿಗೆ ‘ಆಗಲಿ, ಮಾಡು’ ಎಂದ ಕಾಲಕ್ಕೂ ನಮ್ಮ ಶಾಲೆ ಶುರುವಾದ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಆಗ ಇಲ್ಲಿ ಹೈಸ್ಕೂಲು ಬೇಕು ಎಂದು ಓಡಾಡಿದವರು, ಜಮೀನು ಬಿಟ್ಟುಕೊಟ್ಟವರು, ಕಟ್ಟಡ ಏಳುವವರೆಗೆ ತಮ್ಮ ಪಡಸಾಲೆಯಲ್ಲಿ ತರಗತಿ ನಡೆಸಲು ಬಿಟ್ಟವರು ನಿಮ್ಮಲ್ಲೇ ಇದ್ದೀರಿ, ನಿಮ್ಮ ತಂದೆ ತಾತಂದಿರಲ್ಲಿ ಇದ್ದರು. ಅವರಿಗೆ ನಾವು ಯಾರೆಂದು ಗೊತ್ತಿರಲಿಲ್ಲ; ನಮ್ಮಲ್ಲಿ ಅನೇಕರು ಹುಟ್ಟಿರಲೇ ಇಲ್ಲ. ಆದರೂ ಹೂಂ ಎಂದರು. ಐವತ್ತು ವರ್ಷದಲ್ಲಿ ಈ ಬಾಗಿಲಿನಿಂದ ಹೊರಬಂದವರೆಲ್ಲ ಆ ಒಂದು ಮಾತಿನ ಫಲ. ಮುಂದಿನ ಐವತ್ತು ವರ್ಷಕ್ಕೆ ಆ ಮಾತು ಹೇಳುವ ಸರದಿ ನಮ್ಮದು.